ಪರದೆ ಸರಿದ ನಾಲ್ಕು ನಿಮಿಷ

ನಾನು ಒಮ್ಮೆ ನಾಲ್ಕು ನಿಮಿಷ ಸತ್ತಿದ್ದೆ. ಆಯುಧಪೂಜೆಯ ದಿನ, ಹನ್ನೊಂದು ಗಂಟೆ ಹನ್ನೆರಡು ನಿಮಿಷದಿಂದ ಹದಿನಾರು ನಿಮಿಷದವರೆಗೆ. ಪ್ರಾಣವೇನೂ ಹೋಗಿರಲಿಲ್ಲ. ಹೊಸ ಇಳಕಲ್ ಸೀರೆ ಉಟ್ಟು, ತಲೆ ತುಂಬ ಹೂವು ಮುಡಿದು ಗಟ್ಟಿಮುಟ್ಟಾಗಿಯೇ ನಿಂತಿದ್ದೆ. ಮುಂಗೈಯ ಪಟ್ಟಿ ಬಿಚ್ಚಿಟ್ಟಿದ್ದೆ, ಅಷ್ಟೆ. ಯಂತ್ರದ ಲೆಕ್ಕದಲ್ಲಿ ಎರಡೂ ಒಂದೇ.

ನನ್ನ ಹೆಸರು ಪಂಪಾವತಿ. ಕೊಪ್ಪಳದಿಂದ ಹನ್ನೆರಡು ಕಿಲೋಮೀಟರ್ ದೂರದ ಉಕ್ಕಿನ ಕಾರ್ಖಾನೆಯೊಂದರ ಕಂಟ್ರೋಲ್ ರೂಮಿನಲ್ಲಿ ಹದಿನಾರು ವರ್ಷ ಕೆಲಸ ಮಾಡಿದವಳು. ಅಣ್ಣ ಹುಲುಗಪ್ಪ ಅಲ್ಲೇ ಕುಲುಮೆಯ ಮೇಸ್ತ್ರಿ, ಕಾರ್ಮಿಕ ಸಂಘದ ಮುಖಂಡ. ಈ ಕಥೆಗೆ ಎರಡು ವರ್ಷ ಮೊದಲು ಕುಲುಮೆಯಲ್ಲಿ ಇಬ್ಬರು ಗುತ್ತಿಗೆ ಕೂಲಿಗಳು ಬೆಂದು ಸತ್ತರು. ಗುತ್ತಿಗೆದಾರ ಹೆಣಗಳನ್ನು ಹೆದ್ದಾರಿ ಬದಿಗೆ ಹಾಕಿಸಿ, ಲಾರಿ ಗುದ್ದಿತು ಎಂದು ಬರೆಸಿದ. ಹೊತ್ತು ಹಾಕಿದ್ದನ್ನು ಕಣ್ಣಾರೆ ಕಂಡವನು ಅಣ್ಣ. ಕೋರ್ಟಿನಲ್ಲಿ ಹೇಳಿಯೇ ಹೇಳುತ್ತೇನೆ ಎಂದ. ಮೂರನೆಯ ದಿನ ಅವನು ಎಂದೂ ಹೋಗದ ಹಿಂದಿನ ಗೇಟಿನಿಂದ, ಎಂದೂ ಹೋಗದ ಹೊತ್ತಿನಲ್ಲಿ ಹೊರಗೆ ಬಂದ. ಅಲ್ಲೇ ಕಾದಿದ್ದ ಇಬ್ಬರು ಮಚ್ಚಿನಿಂದ ಕೊಚ್ಚಿದರು. ಎಡಗೈ ಮೊಣಕೈಯಿಂದ ಕಳಚಿ ಬಿತ್ತು. ಆ ಕೈಯನ್ನು ಟವೆಲ್ಲಿನಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ದವಳು ನಾನೇ. ಅದು ಸುಮಾರು ಹೊತ್ತು ಬೆಚ್ಚಗೇ ಇತ್ತು.

ಅವನು ಯಾವ ಗೇಟಿನಲ್ಲಿದ್ದಾನೆ ಎಂಬುದು ಕಂಪ್ಯೂಟರಿಗೆ ಮಾತ್ರ ಗೊತ್ತಿತ್ತು. ಅದನ್ನು ನೋಡಿ ಹೇಳಿದವರು ನಮ್ಮೊಳಗಿನವರೇ. ಆಗ ಎಲ್ಲರೂ ಎಲ್ಲವನ್ನೂ ನೋಡಬಹುದಿತ್ತು, ಹಾಗಾಗಿ ಯಾರು ಎಂದು ಹಿಡಿಯಲು ಆಗಲಿಲ್ಲ.

ಆಮೇಲೆ 'ಪರದೆ' ಬಂತು. ಕಂಪನಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿ ಬಂತೆಂದು ತಿಳಿಯಬೇಡಿ, ಹೀಗೇ ಆದರೆ ಕೈಬಿಡುತ್ತೇವೆ ಎಂದು ವಿಮೆಯವರು ಹೆದರಿಸಿದ್ದಕ್ಕೆ ಬಂತು. ಪ್ರತಿಯೊಬ್ಬರ ಮುಂಗೈಗೂ ಒಂದು ಪಟ್ಟಿ. ಅದು ನಾಡಿ ಹಿಡಿಯುತ್ತದೆ, ಎಲ್ಲಿದ್ದೀರಿ ಎಂದು ನೋಡುತ್ತದೆ. ಆದರೆ ಹೆಸರು ಒಂದು ಕಡೆ, ವಿಳಾಸ ಇನ್ನೊಂದು ಕಡೆ, ನಾಡಿ ಮತ್ತೊಂದು ಕಡೆ ಚೂರುಚೂರಾಗಿ ಇರುತ್ತವೆ. ಡಾಕ್ಟರಿಗೆ ರಕ್ತದ ಗುಂಪು ಬೇಕಾದರೆ ಅಷ್ಟೇ ಚೂರು, ಅಷ್ಟೇ ಹೊತ್ತು ಕಾಣಿಸಿ ಮತ್ತೆ ಮುಚ್ಚಿಕೊಳ್ಳುತ್ತದೆ. ಯಾರು ಏನು ನೋಡಬಹುದು ಎಂಬುದನ್ನು ಪರದೆ ತಾನೇ ತೀರ್ಮಾನಿಸುತ್ತದೆ, ದೊಡ್ಡ ಸಾಹೇಬರು ಹೇಳಿದರೂ ಕೇಳುವುದಿಲ್ಲ. ಅದಕ್ಕೆ ಜಾತಿ ಇಲ್ಲ, ಬೀಗರಿಲ್ಲ, ಒಂದು ಕಪ್ ಚಹಾದ ದಾಕ್ಷಿಣ್ಯವೂ ಇಲ್ಲ.

ಒಂದೇ ಒಂದು ಸಂದರ್ಭದಲ್ಲಿ ಅದು ತಾನಾಗಿ ಸರಿಯುತ್ತದೆ. ಪಟ್ಟಿ ಬಿಚ್ಚಿದರೆ ಗೋಡೆಯ ಗೂಡಿನಲ್ಲೇ ಇಡಬೇಕು. ಗೂಡಿನ ಹೊರಗೆ ಮೂರಕ್ಕಿಂತ ಹೆಚ್ಚು ಪಟ್ಟಿಗಳಲ್ಲಿ ಒಮ್ಮೆಗೇ ನಾಡಿ ನಿಂತರೆ, ಅಲ್ಲಿ ಜನ ಸಾಯುತ್ತಿದ್ದಾರೆ ಎಂದು ಲೆಕ್ಕ. ಸೈರನ್ ಕೂಗುತ್ತದೆ. ತೊಂಬತ್ತು ಸೆಕೆಂಡಿನೊಳಗೆ ಕಂಟ್ರೋಲ್ ರೂಮಿನ ಇಬ್ಬರು ಪಟ್ಟಿ ಕಟ್ಟಿದ ಕೈಗಳನ್ನು ಮೇಜಿನ ಗಾಜಿನ ಮೇಲಿಟ್ಟು ತಡೆಯಬೇಕು. ತಡೆಯದಿದ್ದರೆ ಸತ್ತವರ ಹೆಸರು, ಅವರ ಮನೆಯವರ ಹೆಸರು, ವಿಳಾಸ ಎಲ್ಲವೂ ರಕ್ಷಣಾ ತಂಡದ ಹನ್ನೊಂದು ಜನರಿಗೆ ತೆರೆದುಕೊಳ್ಳುತ್ತವೆ, ಮನೆಯವರಿಗೆ ತಾನಾಗಿ ಫೋನ್ ಹೋಗುತ್ತದೆ. ಕೈ ಇಡುವವರ ನಾಡಿ ನಿಮಿಷಕ್ಕೆ ನೂರಿಪ್ಪತ್ತರ ಒಳಗಿರಬೇಕು. ಕುತ್ತಿಗೆಗೆ ಚಾಕು ಹಿಡಿದು ಯಾರೂ ಕೈ ಇಡಿಸಬಾರದಲ್ಲ, ಅದಕ್ಕೆ. ಇನ್ನು ಯಾರು ಏನು ನೋಡಿದರು ಎಂಬ ದಾಖಲೆಯನ್ನೂ ಪರದೆ ಎರಡೇ ಗಂಟೆ ಇಟ್ಟುಕೊಂಡು ಅಳಿಸುತ್ತದೆ. ಉಳಿಸಬೇಕೆಂದರೆ ಮತ್ತೆ ಅದೇ ಎರಡು ಕೈ ಬೇಕು.

ಸಾಕ್ಷಿ ಮುಗಿಯುವವರೆಗೆ ಅಣ್ಣನನ್ನು ಬಚ್ಚಿಡಬೇಕೆಂದು ಕೋರ್ಟು ಹೇಳಿತ್ತು. ಕಂಪನಿ ಕೊಡಿಸಿದ ಮನೆ ಎಲ್ಲಿದೆ ಎಂದು ಪರದೆಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ನನಗೂ ಇಲ್ಲ. ಭಾನುವಾರಕ್ಕೊಮ್ಮೆ, ಹಬ್ಬಕ್ಕೊಮ್ಮೆ ಪರದೆಯೇ ಫೋನ್ ಜೋಡಿಸಿಕೊಡುತ್ತಿತ್ತು. ಹಬ್ಬದ ಮರುವಾರ ಸೋಮವಾರ ಅವನ ಸಾಕ್ಷಿ. ಅಲ್ಲಿಯವರೆಗೆ ಅವನು ಬದುಕಿದ್ದರೆ ಗುತ್ತಿಗೆದಾರ ಜೈಲಿಗೆ.

ಹಬ್ಬದ ಬೆಳಿಗ್ಗೆ ಫೋನ್ ಮಾಡಿದೆ.

"ಏನ್ ಮಾಡಾಕತ್ತಿ ಅಣ್ಣ?"

"ಒಂದ ಕೈಲೆ ಕುಡಗೋಲು ತೊಳಿಯಾಕತ್ತೀನಿ. ನಿಮ್ಮ ಅತ್ತಿಗಿ ಪೂಜಿಗೆ ಇಡ್ತಾಳಂತ. ಮನ್ಯಾಗ ಒಂದು ಹುಲ್ಲಿನ ಕಡ್ಡಿ ಇಲ್ಲ, ಕುಡಗೋಲು ಮಾತ್ರ ಫಳಫಳ ಅನ್ನಬೇಕು ಆಕಿಗೆ."

ಹಿಂದಿನಿಂದ ಅತ್ತಿಗೆ ದುರುಗಮ್ಮನ ದನಿ ಕೇಳಿತು. "ಬಾಯಿ ಮುಚ್ಕೊಂಡು ತೊಳೀರಿ. ಪಂಪಾ, ಹೋಳಿಗಿ ಮಾಡೀನವ್ವ, ನಿನ್ನ ಪಾಲಿಂದೂ ಇವರ ತಿಂತಾರ."

"ಅಣ್ಣ, ಹೊರಗ ಬರಬ್ಯಾಡ ಮತ್ತ."

"ಎರಡು ವರ್ಷದಾಗ ಹೊಸ್ತಿಲ ದಾಟಿಲ್ಲ ನಾ. ಇನ್ನು ನಾಕು ದಿನ ತಡಕೊಳ್ಳಾಕ ಆಗೂದಿಲ್ಲೇನು?"

"ನಂಗ ಯಾಕೋ ಎದಿ ಡವಡವ ಅಂತೈತಿ."

"ಡಬ್ಬಿ ಎಣಸು," ಎಂದು ನಕ್ಕ.

ನಾವು ಹುಟ್ಟಿದ ಮನೆ ರೈಲು ಹಳಿಯ ಪಕ್ಕಕ್ಕೇ ಇತ್ತು. ಅದಿರಿನ ಗೂಡ್ಸ್ ಬಂದರೆ ಗೋಡೆಯ ಮಣ್ಣು ಉದುರುತ್ತಿತ್ತು. ನಾನು ಹೆದರಿ ಅಳುತ್ತಿದ್ದೆ. ಅಣ್ಣ ನನ್ನ ಕೈ ಹಿಡಿದು ಹೊರಗೆ ನಿಲ್ಲಿಸಿ ಡಬ್ಬಿ ಎಣಿಸುವಂತೆ ಹೇಳುತ್ತಿದ್ದ. ಐವತ್ತೆಂಟು ಡಬ್ಬಿ. ಐವತ್ತೆಂಟು ಬರುವಷ್ಟರಲ್ಲಿ ಹೆದರಿಕೆ ಹೋಗಿರುತ್ತಿತ್ತು.

ಇಲ್ಲಿಂದ ಮುಂದಿನದು ನನ್ನ ತಪ್ಪು. ಬೇರೆಯವರ ತಲೆಗೆ ಕಟ್ಟುವುದಿಲ್ಲ.

ಕಂಪ್ರೆಸರ್ ಹಾಲಿನಲ್ಲಿ ವರ್ಷವರ್ಷ ಪೂಜೆ. ಸ್ಪ್ಯಾನರು, ಸುತ್ತಿಗೆ, ಹೆಲ್ಮೆಟ್ಟು, ಫೋನು ಎಲ್ಲಕ್ಕೂ ಕುಂಕುಮ, ಎಲ್ಲಕ್ಕೂ ಹೂವು. ಪರದೆ ಬಂದ ಮೇಲೆ ಅದು ನನ್ನ ಪಾಳಿಯಲ್ಲಿ ಮೊದಲ ಪೂಜೆ. ಹಿಂದಿನ ವರ್ಷ ಹಬ್ಬದ ದಿನ ನನಗೆ ರಾತ್ರಿ ಪಾಳಿ ಬಿದ್ದಿತ್ತು. ನನ್ನ ಅಣ್ಣನನ್ನು ಎರಡು ವರ್ಷ ಕಾದ ಪಟ್ಟಿಗೆ ಒಂದು ಚಿಟಿಕೆ ಕುಂಕುಮ ಬೇಡವೇ? ದೊಡ್ಡ ಹಿತ್ತಾಳೆ ತಟ್ಟೆ ಹಿಡಿದು ಎಲ್ಲರ ಬಳಿ ಹೋದೆ. "ಬಿಚ್ಚ್ರಿ, ಬಿಚ್ಚ್ರಿ, ಐದು ನಿಮಿಷ. ಉಪಕಾರ ಮರೀಬಾರದು." ನಿಯಮ ಬರೆದವರಿಗೆ ನಮ್ಮ ಹಬ್ಬ ಗೊತ್ತಿರಲಿಲ್ಲ, ಸರಿ. ನನಗೆ ನಿಯಮ ಗೊತ್ತಿತ್ತಲ್ಲ? ಗೊತ್ತಿದ್ದೂ ಆ ಹೊತ್ತಿಗೆ ಹೊಳೆಯಲಿಲ್ಲ. ದೇವರ ಮುಂದೆ ಇಟ್ಟ ವಸ್ತುವಿಗೂ ನಾಡಿ ಲೆಕ್ಕ ಇರುತ್ತದೆ ಎಂದು ಯಾರಿಗೆ ಹೊಳೆಯುತ್ತದೆ?

ಕಂಟ್ರೋಲ್ ರೂಮಿನ ಮುಖ್ಯಸ್ಥ ವಿರೂಪಣ್ಣ ಮೂವತ್ತು ವರ್ಷದ ನೌಕರಿಯವರು, ರಕ್ಷಣಾ ತಂಡದ ಹನ್ನೊಂದು ಜನರಲ್ಲೂ ಒಬ್ಬರು, ನನ್ನನ್ನು ತಂಗಿ ಎಂದೇ ಕರೆಯುವವರು.

"ಅಣ್ಣಾರ, ನಿಮ್ಮ ಪಟ್ಟಿನೂ ಕೊಡ್ರಿ."

"ನಾ ಇಲ್ಲೇ ಕುಂತಿರ್ತೀನಿ ತಂಗಿ, ರೂಮು ಖಾಲಿ ಬಿಡಬಾರದು. ನನ್ನ ಹೆಸರಿಲೆ ಒಂದು ಹೂವು ಏರಿಸು. ನಾಳೆ ಬನ್ನಿ ಕೊಡಾಕ ನಿಮ್ಮ ಮನಿಗೇ ಬರ್ತೀನಿ."

ಮೂವತ್ತೊಂದು ಪಟ್ಟಿ. ನನ್ನದನ್ನು ಎಲ್ಲಕ್ಕಿಂತ ಮೇಲಿಟ್ಟು, ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿದೆ. ಕುಂಬಳಕಾಯಿ ಒಡೆದರು. ಆಗ ಸೈರನ್ ಕೂಗಿತು.

ಕೆಲವರು ನಕ್ಕರು, ಹಬ್ಬಕ್ಕೆ ಯಾರೋ ಒತ್ತಿದ್ದಾರೆ ಅಂದುಕೊಂಡು. ನನಗೆ ಮಾತ್ರ ನಿಯಮ ನೆನಪಾಯಿತು. ನನ್ನ ಪಟ್ಟಿ ಎತ್ತಿ ಕಟ್ಟಿಕೊಂಡೆ. ಎಣ್ಣೆ ಮೆತ್ತಿದ ಪಟ್ಟಿಗೆ ನಾಡಿ ಸಿಗಲಿಲ್ಲ. ಸೆರಗಿನಿಂದ ಒರೆಸಿದೆ, ಮತ್ತೆ ಕಟ್ಟಿದೆ, ಮತ್ತೆ ಒರೆಸಿದೆ. ತೊಂಬತ್ತು ಸೆಕೆಂಡು ಮುಗಿಯಿತು. ಹಾಲಿನ ಗೋಡೆಯ ಸ್ಕ್ರೀನಿನಲ್ಲಿ ಹೆಸರುಗಳಷ್ಟೇ ಒಂದೊಂದಾಗಿ ಇಳಿದವು. ಎಲ್ಲರೂ ತಂತಮ್ಮ ಸಾವು ಓದುತ್ತ ನಿಂತರು. ಏಳನೆಯದು ನಾನು. ಪಕ್ಕದಲ್ಲಿದ್ದ ರಕ್ಷಣಾ ತಂಡದವನ ಫೋನಿನಲ್ಲಿ ವಿವರವೂ ತೆರೆದಿತ್ತು, ಬಗ್ಗಿ ಓದಿದೆ.

'ಪಂಪಾವತಿ. ನಾಡಿ ಇಲ್ಲ. ತಿಳಿಸಬೇಕಾದವರು: ಅಣ್ಣ ಹುಲುಗಪ್ಪ. ಕೊಪ್ಪಳ, ನೇಕಾರರ ಓಣಿ, ನಾಲ್ಕನೇ ಸಾಲು, ಹದಿನೇಳನೇ ಮನೆ. ಫೋನ್ ಹೋಗಿದೆ.'

ಕೊಪ್ಪಳ. ಅವನನ್ನು ಬೀದರಿನಲ್ಲೋ ಮಂಗಳೂರಿನಲ್ಲೋ ಇಟ್ಟಿದ್ದಾರೆ ಎಂದುಕೊಂಡಿದ್ದೆ. ನಾನು ವಾರವಾರ ತರಕಾರಿ ತರುವ ಓಣಿಯ ಹಿಂದೆಯೇ ಇದ್ದ. ಮತ್ತು ಆ ವಿಳಾಸ ನನ್ನ ಜೊತೆಗೆ ಇನ್ನೂ ಹನ್ನೊಂದು ಜನರ ಕಣ್ಣಿಗೆ ಬಿದ್ದಿತ್ತು.

"ಎಲ್ಲಾರೂ ಒರಸ್ರಿ, ಕಟ್ಟ್ರಿ," ಎಂದು ಕಿರುಚಿದೆ. ಮೂವತ್ತೊಂದು ಜನ ಅಂಗಿ, ಪಂಜೆ, ಕರ್ಚೀಫು ಸಿಕ್ಕಿದ್ದರಲ್ಲಿ ಒರೆಸಿ ಕಟ್ಟಿಕೊಳ್ಳುವಷ್ಟರಲ್ಲಿ ನಾಲ್ಕು ನಿಮಿಷ ಆಯಿತು. ಪರದೆ ಮುಚ್ಚಿತು. ಮೆಟ್ಟಿಲು ಹತ್ತಿ ಕಂಟ್ರೋಲ್ ರೂಮಿಗೆ ಓಡಿದೆ. ಅಣ್ಣನಿಗೆ ಫೋನ್ ಜೋಡಿಸು ಎಂದರೆ, ಮೂವತ್ತೊಂದು ಮನೆಗಳ ಫೋನಿನ ನಡುವೆ ಲೈನೇ ಸಿಗಲಿಲ್ಲ.

ವಿರೂಪಣ್ಣ ಬಾಗಿಲಲ್ಲೇ ನಿಂತಿದ್ದರು. "ನೀ ಹೋಗು ತಂಗಿ, ತಡ ಮಾಡಬ್ಯಾಡ. ಪೊಲೀಸರಿಗೆ ನಾ ಹೇಳ್ತೀನಿ."

ಸ್ಕೂಟರ್ ಹನ್ನೆರಡು ಕಿಲೋಮೀಟರನ್ನು ಹೇಗೆ ದಾಟಿತೋ ನೆನಪಿಲ್ಲ. ಓಣಿಗೆ ತಿರುಗಿದಾಗ ಬಾಗಿಲುಗಳೆಲ್ಲ ಮುಚ್ಚಿದ್ದವು. ಹದಿನೇಳನೇ ಮನೆಯ ಬಾಗಿಲು ಮಾತ್ರ ತೆರೆದಿತ್ತು, ಹೊಸ್ತಿಲ ರಂಗೋಲಿ ಕಾಲಿಗೆ ಸಿಕ್ಕಿ ಕಲಸಿಹೋಗಿತ್ತು. ಮನೆಯಿಂದ ಇಪ್ಪತ್ತು ಹೆಜ್ಜೆ ದೂರ, ನಡುಬೀದಿಯಲ್ಲಿ, ಬರಿಗಾಲಿನಲ್ಲಿ ಅಣ್ಣ. ಇಬ್ಬರು ಅವನ ಎರಡು ಬದಿಗೆ ನಿಂತು ಮಚ್ಚು ಬೀಸುತ್ತಿದ್ದರು. ಅವನು ಇರುವ ಒಂದು ಕೈಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದ. ಆ ಕೈಯ ಬೆರಳುಗಳು ಅದಾಗಲೇ ಜೋತಾಡುತ್ತಿದ್ದವು.

ಬ್ರೇಕ್ ಹಿಡಿಯಲಿಲ್ಲ. ಸ್ಕೂಟರನ್ನು ಹತ್ತಿರದವನ ಬೆನ್ನಿಗೆ ಹೊಡೆದೆ. ಅವನೂ ಬಿದ್ದ, ನಾನೂ ಬಿದ್ದೆ, ಮೊಣಕಾಲಿನ ಮೂಳೆ ಕಲ್ಲಿಗೆ ಬಡಿಯಿತು. ಇನ್ನೊಬ್ಬ ನನ್ನ ಕಡೆ ತಿರುಗಿಯೂ ನೋಡದೆ ಅಣ್ಣನ ಕುತ್ತಿಗೆಗೆ ಹೊಡೆದ. ಆ ಸದ್ದು ಎಳನೀರು ಕೊಚ್ಚಿದ ಹಾಗಿತ್ತು. ಅಣ್ಣ ಮಂಡಿಯೂರಿದ. ಮತ್ತೊಂದು ಏಟು ಹೆಗಲಿಗೆ.

ಆಗ ಅತ್ತಿಗೆ ಮನೆಯೊಳಗಿಂದ ಬಂದಳು. ಪೂಜೆಗೆ ಇಟ್ಟದ್ದನ್ನು ಮರುದಿನದವರೆಗೆ ಮುಟ್ಟಬಾರದು ಎಂಬ ಪದ್ಧತಿ ನಮ್ಮಲ್ಲಿ. ಕುಂಕುಮ, ಚೆಂಡುಹೂವು ಸಮೇತ ಕುಡಗೋಲು ಅವಳ ಕೈಯಲ್ಲಿತ್ತು. ಎದ್ದೇಳುತ್ತಿದ್ದವನ ಮೊಣಕಾಲಿನ ಹಿಂದೆ ಹಾಕಿ ಜೋಳದ ದಂಟು ಕೊಯ್ದಂತೆ ಎಳೆದಳು. ಅವನು ಊಳಿಟ್ಟು ಉರುಳಿದ. ಅವಳು ಎದೆಯ ಮೇಲೆ ಕೂತು ಕುಡಗೋಲಿನ ಹಿಡಿಯಿಂದ ಅವನ ಬಾಯಿಗೆ ಹೊಡೆದಳು, ಹಲ್ಲು ಮುರಿಯುವವರೆಗೆ, ಮುರಿದ ಮೇಲೂ. ಇನ್ನೊಬ್ಬ ಬೈಕ್ ಹತ್ತಿ ಓಡಿದ.

ಅಣ್ಣನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕುತ್ತಿಗೆಗೆ ಸೆರಗು ಒತ್ತಿದೆ. ಹೊಸ ಸೀರೆ ನೆಂದು ತೊಡೆಗೆ ಅಂಟಿತು. ಅವನು ಕಣ್ಣು ಬಿಟ್ಟು ನನ್ನನ್ನು ನೋಡಿದ. ಭಯ ಇರಲಿಲ್ಲ ಅಲ್ಲಿ, ಆಶ್ಚರ್ಯ ಇತ್ತು.

"ನೀ ಸತ್ತೀ ಅಂತ ಫೋನ್ ಬಂತಲ್ಲವ್ವ," ಎಂದ. "ಅದಕ್ಕ ಹೊರಗ ಬಂದ್ನಿ."

ಆಟೋ ಬರುವ ಮೊದಲೇ ಹೋದ.

ಬಿದ್ದವನ ಜೇಬಿನಿಂದ ಫೋನ್ ಹೊರಗೆ ಜಾರಿತ್ತು. ಅತ್ತಿಗೆ ಅದನ್ನು ಅವನ ಮುಖದ ಮುಂದೆ ಹಿಡಿದು ತೆರೆಸಿದಳು. ಹೆಸರಿಲ್ಲದ ನಂಬರಿನಿಂದ ಒಂದೇ ಸಾಲು: ನೇಕಾರರ ಓಣಿ, ನಾಲ್ಕನೇ ಸಾಲು, ಹದಿನೇಳು. ಹನ್ನೊಂದು ಹದಿನೈದಕ್ಕೆ ಬಂದದ್ದು. ಅಂದರೆ ಪರದೆ ತೆರೆದಿರುವಾಗಲೇ ಹನ್ನೊಂದು ಜನರಲ್ಲಿ ಒಬ್ಬ ಕಳಿಸಿದ್ದಾನೆ. ಅಂದು ಹಿಂದಿನ ಗೇಟು ತೋರಿಸಿದವನೂ ಅವನೇ ಇರಬೇಕು. ಯಾರು ಎಂಬುದು ಪರದೆಯ ದಾಖಲೆಯಲ್ಲಿದೆ. ಒಂದು ಗಂಟೆ ಹದಿನಾರು ನಿಮಿಷಕ್ಕೆ ಅದು ಅಳಿಸಿಹೋಗುತ್ತದೆ.

ಅತ್ತಿಗೆಗೆ ಹೇಳಿದೆ. ಅವಳ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

"ಇವರ ಹತ್ರ ನಾ ಇರ್ತೀನಿ," ಎಂದಳು. "ನೀ ಹೋಗಿ ಹೆಸರು ತಾ." ಕುಡಗೋಲನ್ನು ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟಳು.

ಪೊಲೀಸರು ಬಂದರು. ಫೋನ್ ಮಾಡಿದ್ದು ಪಕ್ಕದ ಮನೆಯವರೊಬ್ಬರೇ ಅಂತೆ. ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವರ ಪಂಚನಾಮೆ ಮುಗಿಯುವ ಮೊದಲೇ ಹೊರಟೆ.

ಕಂಟ್ರೋಲ್ ರೂಮಿಗೆ ಕಾಲಿಟ್ಟಾಗ ಒಂದು ಗಂಟೆ ಎರಡು ನಿಮಿಷ. ವಿರೂಪಣ್ಣ ತಮ್ಮ ಕುರ್ಚಿಯಲ್ಲೇ ಇದ್ದರು. ನನ್ನ ಸೀರೆ ನೋಡಿ ಎದ್ದು ನಿಂತರು.

"ಅಣ್ಣ ಹೋದ. ಕೈ ಇಡ್ರಿ ಅಣ್ಣಾರ, ದಾಖಲಿ ಉಳಸಬೇಕು."

"ಏನ್ ಉಳಸ್ತೀ ತಂಗಿ, ಹೋದ ಜೀವ ಬರ್ತದೇನು? ಮೊದಲ ಮನಿಗೆ ನಡಿ."

"ಇಡ್ರಿ."

ಇಟ್ಟರು. ಇಡದೆ ಇರಲು ಕಾರಣ ಸಿಗಲಿಲ್ಲ. ನಾನೂ ಇಟ್ಟೆ. ಗಾಜಿನ ಮೇಲೆ ಎರಡು ಅಂಕಿ ಮೂಡಿದವು. ಹನ್ನೆರಡು ಕಿಲೋಮೀಟರ್ ಗಾಡಿ ಓಡಿಸಿ, ಅಣ್ಣನ ಹೆಣ ಬಿಟ್ಟು ಬಂದ ನನ್ನದು ನೂರಾ ಮೂವತ್ತೊಂದು. ಎರಡು ಗಂಟೆಯಿಂದ ಎಸಿಯ ತಂಪಿನಲ್ಲಿ ಕೂತವರದು ನೂರಾ ಐವತ್ತನಾಲ್ಕು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಹೆಗಲು ಮುಟ್ಟಲಿಲ್ಲ, ನಾಡಿಯೇ ಮುಟ್ಟಿಕೊಂಡಿತು. ಇವರು ಪೊಲೀಸರಿಗೆ ಮಾಡದೇ ಬಿಟ್ಟ ಫೋನು ಆಗ ನನ್ನ ತಲೆಗೆ ಬಂತು.

ಬಾಗಿಲಿನ ಚಿಲಕ ಹಾಕಿದೆ. ಡಿಕ್ಕಿಯಿಂದ ಚೀಲದಲ್ಲಿ ಹಾಕಿ ತಂದಿದ್ದ ಕುಡಗೋಲು ತೆಗೆದು ಅವರ ಗಂಟಲಿಗೆ ಹಿಡಿದೆ. ಗಾಜಿನ ಅಂಕಿ ನೂರಾ ಎಪ್ಪತ್ತಕ್ಕೆ ಏರಿತು. ಕೆಂಪು ಅಕ್ಷರ ಬಂತು: ಒತ್ತಾಯದ ಶಂಕೆ, ತೆರೆಯಲಾಗದು. ಹನ್ನೊಂದು ನಿಮಿಷ ಉಳಿದಿತ್ತು. ನನ್ನ ಅಣ್ಣನನ್ನು ಕಾಯಲು ಹಾಕಿದ್ದ ನಿಯಮ ಈಗ ಅವನನ್ನು ಕೊಂದವನನ್ನು ಕಾಯುತ್ತಿತ್ತು. ಎಂಥ ಸಿಟ್ಟು ಬಂತೆಂದರೆ ಆ ಗಾಜನ್ನೇ ಒಡೆಯಬೇಕು ಎನ್ನಿಸಿತು. ಒಡೆದರೆ ಹೆಸರೂ ಹೋಗುತ್ತದೆ.

ಕುಡಗೋಲನ್ನು ಮೇಜಿನ ಮೇಲಿಟ್ಟೆ. ಲೋಟಕ್ಕೆ ನೀರು ಹಾಕಿ ಕೊಟ್ಟೆ.

"ಕುಡೀರಿ ಅಣ್ಣಾರ. ಹೊಡಿಯಾಂಗಿಲ್ಲ. ಯಾಕ ಮಾಡಿದ್ರಿ, ಅಷ್ಟ ಹೇಳ್ರಿ."

ಲೋಟ ಖಾಲಿ ಮಾಡಿ ಕೆಳಗಿಟ್ಟರು. "ಮಗಳ ಮಗು ಸಾಲಿಗೆ ಹೋಗೋ ವ್ಯಾನಿನ ಹಿಂದ ಬೈಕ್ ಹಚ್ಚಿದ್ರವ್ವ. ಒಂದು ವಾರ. ದಿನಾ ಅದರ ಫೋಟೋ ಕಳಸೋರು. ಆವತ್ತು ಗೇಟು ಹೇಳೀನಿ. ಕಾಲು ಮುರೀತಾರ, ಬಿಡ್ತಾರ ಅಂದ್ಕೊಂಡಿದ್ನಿ. ಇವತ್ತು ಅದು ತಾನ ತೆರೀತು, ನನ್ನ ಕಣ್ಣ ಮುಂದನ ಬಂತು. ಸೋಮವಾರ ಆತ ಬಾಯಿ ಬಿಟ್ರ ನನ್ನ ಹೆಸರೂ ಬರ್ತದಂತ ಅವರು ಹೇಳಿದ್ರು." ಅಳತೊಡಗಿದರು. ಮೂಗು, ಬಾಯಿ, ಕಣ್ಣು ಎಲ್ಲದರಿಂದ ಸೋರಿಸುತ್ತ ಮುದುಕ ಅತ್ತರು. ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು ತಾವಾಗಿಯೇ ಗಾಜಿನ ಮೇಲೆ ಕೈ ಇಟ್ಟರು. "ಸಾಕಾಗೇತಿ ತಂಗಿ. ಎರಡು ವರ್ಷ ನಿದ್ದಿ ಇಲ್ಲ. ತಗಿ."

ಅವರ ಅಂಕಿ ಇಳಿಯಿತು. ನೂರಾ ಮೂವತ್ತು. ನೂರಾ ಹದಿನೆಂಟು. ನೂರಾ ನಾಲ್ಕು. ಬಾಯಿ ಬಿಟ್ಟು ಹೇಳಿದ್ದೇ ಅವರಿಗೆ ನೆಮ್ಮದಿ ತಂದಿತ್ತು.

ನನ್ನದು ನೂರಾ ನಲವತ್ತಾರು.

ಅವರ ನೆಮ್ಮದಿ ನೋಡಿ ನನ್ನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ನಾಲ್ಕು ನಿಮಿಷ ಉಳಿದಿತ್ತು. ಅಂಕಿ ನೋಡಿದಷ್ಟೂ ಏರಿತು. ಕಣ್ಣು ಮುಚ್ಚಿದೆ. ಹಳಿ ಬದಿಯ ಮನೆ, ಉದುರುವ ಮಣ್ಣು, ನನ್ನ ಕೈ ಹಿಡಿದ ಅಣ್ಣನ ಕೈ. ಅದು ಎಡಗೈ. ಎಂಜಿನ್ ಹೋಗಲಿ, ಅದನ್ನು ಎಣಿಸಬಾರದು ಎನ್ನುತ್ತಿದ್ದ. ಒಂದು. ಎರಡು. ಮೂರು. ಅದಿರಿನ ಕೆಂಪು ದೂಳು. ಇಪ್ಪತ್ತು. ಮೂವತ್ತಕ್ಕೆ ತಪ್ಪಿದೆ, ಮತ್ತೆ ಇಪ್ಪತ್ತೊಂಬತ್ತರಿಂದ ಹಿಡಿದೆ. ಐವತ್ತಾರು. ಐವತ್ತೇಳು. ಐವತ್ತೆಂಟು.

ಗಾಜು ಸಣ್ಣಗೆ ಸದ್ದು ಮಾಡಿತು. ಕಣ್ಣು ಬಿಟ್ಟೆ. ನೂರಾ ಹತ್ತೊಂಬತ್ತು. ದಾಖಲೆ ತೆರೆದಿತ್ತು. ಹನ್ನೊಂದು ಜನರಲ್ಲಿ ಹತ್ತು ಮಂದಿ ಮೂವತ್ತೊಂದು ಹೆಸರನ್ನೂ ನೋಡಿದ್ದರು. ಒಬ್ಬರು ಒಂದೇ ಒಂದು ಹೆಸರನ್ನು ಎರಡು ಸಲ ತೆರೆದಿದ್ದರು. ಉಳಿಸು ಎಂದೆ. ಕೋರ್ಟಿಗೆ ಕಳಿಸು ಎಂದೆ. ಪರದೆ ಕೆಳಗೆ ತನ್ನ ಷರಾ ಬರೆಯಿತು: ಇಬ್ಬರೂ ಸ್ವಂತ ಇಚ್ಛೆಯಿಂದ, ಸಮಾಧಾನದ ಸ್ಥಿತಿಯಲ್ಲಿ.

ಬೀಗ ತೆರೆದ ಮೇಲೆ ಅದು ನಾಡಿ ನೋಡುವುದಿಲ್ಲ. ಅದಕ್ಕೆ ಬೇಕಾದ್ದು ಅಷ್ಟೇ ಹೊತ್ತು. ವಿರೂಪಣ್ಣನ ಕೈ ಇನ್ನೂ ಗಾಜಿನ ಮೇಲೆ ಚಾಚಿತ್ತು. ಹೊಡೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಕುಡಗೋಲು ಎತ್ತಿ ಮಣಿಕಟ್ಟಿಗೆ ಹಾಕಿದೆ. ಒಂದೇ ಏಟಿಗೆ ಹೋಗಲಿಲ್ಲ, ಎರಡು ಬೇಕಾದವು. ಆಮೇಲೆ ನಾನೇ ಆ ಕೈಯನ್ನು ಟವೆಲ್ಲಿನಲ್ಲಿ ಸುತ್ತಿ, ಅವರನ್ನು ಆಂಬುಲೆನ್ಸಿಗೆ ಹತ್ತಿಸಿದೆ. ಆ ಕೆಲಸ ನನಗೆ ಬರುತ್ತಿತ್ತು.

ಗುತ್ತಿಗೆದಾರನಿಗೆ ಜೀವಾವಧಿ ಆಯಿತು. ವಿರೂಪಣ್ಣ ಒಂದು ಕೈಯಲ್ಲಿ ಸಾಕ್ಷಿ ಹೇಳಿ ಹತ್ತು ವರ್ಷಕ್ಕೆ ಹೋದರು. ಕುಡಗೋಲು ತೋರಿಸಿ ತೆಗೆಸಿದ ದಾಖಲೆ ಇದು, ಹಿಡಿಯಬಾರದು ಎಂದು ಗುತ್ತಿಗೆದಾರನ ವಕೀಲ ಮೂರು ದಿನ ಕೂಗಾಡಿದ. ನ್ಯಾಯಾಧೀಶರು ಪರದೆಯ ಷರಾ ಓದಿಸಿದರು. ಯಂತ್ರಕ್ಕೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಎಲ್ಲರೂ ಒಪ್ಪಿದರು.

ಕೈ ಕಡಿದದ್ದಕ್ಕೆ ನನಗೂ ಏಳು ವರ್ಷ. ಇರಲಿ. ಅತ್ತಿಗೆ ತಿಂಗಳಿಗೊಮ್ಮೆ ಬರುತ್ತಾಳೆ. ಹೋದ ಸಲ ಬಂದವಳು ಜಾಲರಿಯ ಆಚೆಯಿಂದ ಕೇಳಿದಳು.

"ಅಂಥಾ ಹೊತ್ತಿನಾಗ ಎದಿ ಹೆಂಗ ಸಮಾಧಾನ ಮಾಡ್ಕೊಂಡೀ ಪಂಪಾ?"

"ಡಬ್ಬಿ ಎಣಸಿದ್ನಿ."

ಅಷ್ಟು ದಿನ ಅಳದವಳು ಅಲ್ಲಿ ನೆಲಕ್ಕೆ ಕೂತು ಅತ್ತಳು. ಫೋನ್ ಬಂದ ಮೇಲೆ ಕಾಲು ಗಂಟೆ ಅವಳೇ ತಡೆದು ಕೂರಿಸಿದ್ದಳಂತೆ, ಆಮೇಲೆ ಹೊಸ್ತಿಲ ಹತ್ತಿರ ಅಣ್ಣ ಒಂದು ಗಳಿಗೆ ನಿಂತಿದ್ದನಂತೆ. ತುಟಿ ಅಲುಗುತ್ತಿತ್ತಂತೆ. ಯಾವುದೋ ಮಂತ್ರ ಹೇಳುತ್ತಿದ್ದಾನೆ ಎಂದುಕೊಂಡಳಂತೆ. ಕೊನೆಗೆ 'ಹನ್ನೆರಡು' ಎಂದದ್ದೊಂದು ಕೇಳಿಸಿತಂತೆ, ಅಷ್ಟಕ್ಕೇ ತಡೆಯಲಾಗದೆ, ಬಾಗಿಲು ತೆರೆದು ಓಡಿದನಂತೆ.